ಮಾದೇವಿಯ ಆಂಪ್ಲಿಫಾಯರ್ ಮತ್ತು ನಮ್ಮ ಮನೆಯ ಬಡ ಕರೆಂಟು

ಮಾದೇವಿಯನ್ನು ನಾನು ಮೊದಲ ಸಲ ಕಂಡ ದಿನ ಅವಳು ನಮ್ಮ ಮನೆಗೆ ಬಂದದ್ದು ನನ್ನನ್ನು ನೋಡಲು ಅಲ್ಲ, ನಮ್ಮ ಜಗಲಿಯ ಬಲ್ಬನ್ನು ನೋಡಲು.

ಇಳಿಹೊತ್ತು. ನಾನು ಜಗಲಿಯಲ್ಲಿ ಕುಳಿತು ಬಸಳೆ ಕುಡಿ ಬಿಡಿಸುತ್ತಿದ್ದೆ. ಕಾಯ್ಕಿಣಿಯ ನಮ್ಮ ಓಣಿಗೆ ಸಾಮಾನ್ಯವಾಗಿ ಮೀನಿನ ಬುಟ್ಟಿಯವರ ಬೈಕು ಬಿಟ್ಟರೆ ಬೇರೆ ವಾಹನ ಬರುವುದು ಕಡಿಮೆ. ಅಂದು ಒಂದು ಗೂಡ್ಸ್ ರಿಕ್ಷಾ ಬಂದು ಅಂಗಳದ ಬಾಯಿಯಲ್ಲಿ ನಿಂತಿತು. ಅದರಿಂದ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಇಳಿದಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು, ಕೊರಳಲ್ಲಿ ಕರಿಮಣಿಯ ಜೊತೆ ಕಪ್ಪು ವಯರಿನ ಒಂದು ಸುರುಳಿ ನೇತಾಡುತ್ತಿತ್ತು.

"ಅಕ್ಕೋರೆ, ನಿಮ್ಮನೇಲಿ ಕರೆಂಟು ತೀರಾ ಹಾಳು ಅಂದ್ರು. ಹೌದಾ?"

"ಹೌದು ತಂಗಿ. ದೂರು ಕೊಟ್ಟು ಕೊಟ್ಟು ಸಾಕಾಗಿದೆ. ನೀನು ಕರೆಂಟ್ ಆಫೀಸಿನವಳಾ?"

"ಅಲ್ಲ, ನಾ ಮೈಕಿನವ್ಳು. ಎಷ್ಟು ಹಾಳು? ಹೋಗೇಬಿಡ್ತದೋ, ಇಲ್ಲ ಸಣ್ಣ ಆಗ್ತದೋ?"

"ಹೋಗುವುದಿಲ್ಲ. ಬಲ್ಬು ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿ ಹಾಗೇ ಕೂತಿರುತ್ತದೆ. ಗ್ರೈಂಡರ್ ತಿರುಗುವುದಿಲ್ಲ, ಗೊಣಗುತ್ತದೆ."

ಅವಳ ಮುಖ ಅರಳಿತು. ನಮ್ಮ ಕಷ್ಟವನ್ನು ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅವಳು ರಿಕ್ಷಾದ ಕಡೆಗೆ ತಿರುಗಿ, "ಹೋಯ್, ಇಳೀರಿ ಬೇಗ! ಹೇಳಿ ಮಾಡ್ಸಿದ ಮನೆ ಇದು!" ಎಂದು ಕೂಗಿದಳು. ಆಗ ಚಾಲಕನ ಸೀಟಿನಿಂದ ಅವಳ ಗಂಡ ಹಮ್ಮ ಇಳಿದ. ಮಿತಭಾಷಿ. ಕೈಯಲ್ಲಿ ಮೀಟರು. ಅದನ್ನು ನಮ್ಮ ಜಗಲಿಯ ಪ್ಲಗ್ಗಿಗೆ ಚುಚ್ಚಿ ನೋಡಿ, "ನೂರಾ ಅರವತ್ತು" ಎಂದ.

"ನೂರಾ ಅರವತ್ತಾ!" ಎಂದು ಮಾದೇವಿ ಕೈಮುಗಿದಳು. "ಇನ್ನೂರಾ ಮೂವತ್ತು ಇರಬೇಕಾದಲ್ಲಿ ನೂರಾ ಅರವತ್ತು. ಅಕ್ಕೋರೆ, ನಾನು ನಾಡಿದ್ದು ಭಾನುವಾರ ಅಂಗಡಿಯಿಂದ ಎರಡು ಆಂಪ್ಲಿ ತಕಂಡು ಬರ್ತೆ. ನಿಮ್ಮ ಅಂಗಳದಲ್ಲಿ ಹಚ್ಚಿ ನೋಡ್ತೆ. ಬ್ಯಾಡ ಅನ್ಬೇಡಿ."

ನಾನು ಅವಳನ್ನು ಕೂರಿಸಿ ಬೆಲ್ಲದ ಚಹಾ ಕೊಟ್ಟೆ. ಆಗ ಅವಳ ಕಥೆ ಹೊರಬಿತ್ತು.

ಮಾದೇವಿಯ ಮನೆ ಧಾರೇಶ್ವರದಲ್ಲಿ. ಮದುವೆಯಾದ ಹೊಸತರಲ್ಲಿ ಹಮ್ಮ ಕುಮಟೆಯ ಒಬ್ಬ ಮೈಕ್ ಸೆಟ್ ಮಾಲೀಕರ ಸಾಮಾನು ಸಾಗಿಸುತ್ತಿದ್ದ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುವುದೆಂದು ಮಾದೇವಿಯೂ ರಿಕ್ಷಾ ಹತ್ತಿ ಹೋಗುತ್ತಿದ್ದಳು. ಹೀಗೆ ಒಮ್ಮೆ ಭಟ್ಕಳದ ಪಕ್ಕದ ಜಾಲಿಯಲ್ಲಿ ಒಂದು ಮದುವೆ. ಹೆಂಗಸರ ಕಡೆಯ ಚಪ್ಪರದಲ್ಲಿ ಹಾಡು ಹೇಳುವವರ ಮೈಕು ಕುಂಯ್ಗುಟ್ಟತೊಡಗಿತು. ಅಲ್ಲಿಗೆ ಗಂಡಸರು ಹೋಗುವಂತಿಲ್ಲ. ಮೈಕಿನ ಹುಡುಗರು ಪರದೆಯ ಹೊರಗೆ ನಿಂತು, "ಎಡಗಡೆ ತಿರುಗ್ಸಿ, ಅಲ್ಲ ಬಲಗಡೆ" ಎಂದು ಕೂಗುತ್ತಿದ್ದರು. ಮಾದೇವಿ ಒಳಗೆ ಹೋದಳು, ಮೈಕನ್ನು ಸ್ಪೀಕರಿನ ಎದುರಿನಿಂದ ಈಚೆಗೆ ಸರಿಸಿದಳು, ಕುಂಯ್ಗುಟ್ಟುವುದು ನಿಂತಿತು. ಮದುವೆಮನೆಯ ಅಜ್ಜಿ ಅವಳ ಕೈಹಿಡಿದು ಭಟ್ಕಳದ ಮುಸಲ್ಮಾನರ ಮಾತಾದ ನವಾಯತಿಯಲ್ಲಿ ಏನೋ ಹೊಗಳಿದರಂತೆ. ಅರ್ಥವಾಗಲಿಲ್ಲ, ಆದರೆ ಆಮೇಲೆ ಜಾಲಿಯ ಕಡೆ ಯಾವ ಮದುವೆಯಾದರೂ ಹೆಂಗಸರ ಕಡೆಯ ಮೈಕಿಗೆ ಅವಳೇ ಬೇಕೆಂದಾಯಿತು. ಈಗ ಅವಳಿಗೆ ನವಾಯತಿಯಲ್ಲಿ ಬೈಯಲೂ ಬರುತ್ತದೆ.

ಕುಮಟೆಯ ಮಾಲೀಕರಿಗೆ ವಯಸ್ಸಾದಾಗ ಹಳೆಯ ಸೆಟ್ಟನ್ನು ಗಂಡ ಹೆಂಡತಿ ಕೊಂಡರು. ರಿಕ್ಷಾದ ಮೇಲೆ "ಶ್ರೀ ಮಾದೇವಿ ಸೌಂಡ್ಸ್" ಎಂದು ಬರೆಸಿದರು. ಊರವರು ದೇವರ ಹೆಸರೆಂದು ತಿಳಿದು ಕೈಮುಗಿಯುತ್ತಿದ್ದರು. "ಮುಗೀಲಿ ಬಿಡಿ, ನಂಗೇನು ನಷ್ಟ?" ಎಂಬುದು ಅವಳ ಸಮಾಧಾನ.

ಮದುವೆ, ಮುಂಜಿ, ಶಾಲೆಗಳ ಗ್ಯಾದರಿಂಗು, ಎಲ್ಲವೂ ಇತ್ತು. ಆದರೆ ಅವಳ ಜೀವ ಇದ್ದದ್ದು ಆಟದ ಮೈಕಿನಲ್ಲಿ. ಯಕ್ಷಗಾನಕ್ಕೆ ನಮ್ಮ ಕಡೆ ಆಟ ಎನ್ನುವುದು ವಾಡಿಕೆ. ಹೊನ್ನಾವರದ ಒಂದು ಹವ್ಯಾಸಿ ಸಂಘದ ಎಲ್ಲ ಆಟಗಳಿಗೂ ಅವಳದೇ ಧ್ವನಿವರ್ಧಕ. ಸಂಘದ ಭಾಗವತರು, ಅಂದರೆ ಪದ ಹೇಳುವವರು, ಮಹಾಗಣಪತಿ ಹೆಗಡೆಯವರು. ಎಪ್ಪತ್ತು ದಾಟಿದೆ. ರಾಗದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ, ಕಂಠ ಮಾತ್ರ ತೆಳುವಾಗಿದೆ. ಚೆಂಡೆಯ ಅಬ್ಬರದ ನಡುವೆ ಅವರ ಸ್ವರ ಹಿಂದಿನ ಸಾಲಿಗೆ ಮುಟ್ಟಬೇಕಾದರೆ ಮೈಕಿನವರ ಕೈ ಪಳಗಿರಬೇಕು. "ಮಾದೇವಿ ಇದ್ದರೆ ಆನು ಇಪ್ಪತ್ತು ವರ್ಷ ಸಣ್ಣವ" ಎಂದು ಅವರು ಎಲ್ಲರೆದುರು ಹೇಳುತ್ತಿದ್ದರು.

ಹೀಗಿರುವಾಗ ಕುಮಟೆಯ ಹತ್ತಿರ ಒಂದು ಆಟದ ನಡುವೆ ಅವಳ ಆಂಪ್ಲಿಫಾಯರ್ ಹೊಗೆ ಉಗುಳಿ ಸತ್ತಿತು. ಸುತ್ತಲ ತೋಟ ಗದ್ದೆಗಳಲ್ಲಿ ಪಂಪುಗಳು ಚಾಲೂ ಆಗುವ ಹೊತ್ತು, ಕರೆಂಟು ಕುಸಿದಿತ್ತು. ಪೆಟ್ಟಿಗೆಯ ಮೇಲಿನ ದೊಡ್ಡ ವಾಟಿನ ಅಂಕೆಯನ್ನು ನಂಬಿ ತಂದ ಆಂಪ್ಲಿಫಾಯರ್ ಅದು. ಭಾಗವತರು ಉಳಿದ ಆಟವನ್ನು ಬರಿಯ ಕಂಠದಲ್ಲಿ ನಡೆಸಿ ಮರುದಿನ ಮಾತೇ ಬಾರದೆ ಮಲಗಿದರು. ಸಂಘದ ಕಾರ್ಯದರ್ಶಿ ನಾಗಭೂಷಣ ಮಾದೇವಿಯನ್ನು ಕರೆದು ಹೇಳಿದ್ದು ಇಷ್ಟು: "ನೋಡು, ಧಾರೇಶ್ವರದ ಆಟಕ್ಕೆ ಬಾ. ಅದು ನಿನ್ನ ಊರು, ಅದಕ್ಕೆ ಕೊಡ್ತೆ. ಅಲ್ಲೂ ಮೈಕು ನಿಂತ್ರೆ ಈ ವರ್ಷದ ಉಳಿದ ಆಟ ಎಲ್ಲ ದೊಡ್ಡ ಸೆಟ್ಟಿನವರಿಗೆ. ನಂಗೆ ಭಾಗವತರ ಗಂಟಲು ಮುಖ್ಯ."

"ಅವ್ರು ಹೇಳಿದ್ದು ತಪ್ಪಲ್ಲ ಅಕ್ಕೋರೆ" ಎಂದಳು ಮಾದೇವಿ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಮದ್ವೆ ಮೈಕು ಹೊಟ್ಟೆಗಾತು. ಆಟದ ಮೈಕು ಹೋದ್ರೆ ನಾನು ಮೈಕಿನವ್ಳೇ ಅಲ್ಲ. ಇನ್ನು ಅಂಕೆ ನೋಡಿ ತರೂದಿಲ್ಲ. ಕರೆಂಟು ಸಾಯ್ತಾ ಇರುವಲ್ಲಿ ಇದು ಬದುಕ್ತದಾ ಅಂತ ನೋಡಿಯೇ ತರೂದು. ಅದಕ್ಕೆ ಊರೂರು ಕೇಳ್ತಾ ಬಂದೆ. ಮುರ್ಡೇಶ್ವರದ ಹಿಟ್ಟಿನ ಗಿರಣಿಯಲ್ಲಿ ಹೇಳಿದ್ರು, ಕಾಯ್ಕಿಣಿಯ ಗಾಯತ್ರಿ ಅಕ್ಕೋರ ಮನೆ ಲೈನಿನ ಕೊನೇ ಮನೆ ಅಂತ."

ಗಿರಣಿಯಲ್ಲಿ ನಾನು ತೋಡಿಕೊಂಡ ಗೋಳು ಹೀಗೆ ಫಲ ಕೊಟ್ಟಿತ್ತು.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೇ ರಿಕ್ಷಾ ಬಂತು. ಎರಡು ಸ್ಪೀಕರ್ ಪೆಟ್ಟಿಗೆ, ಎರಡು ಆಂಪ್ಲಿಫಾಯರ್. ಒಂದು ಹೊಸ ನಮೂನೆಯದು. ನೀಲಿ ದೀಪ, ತೆಳು ಮೈ, ಒಂದೇ ಕೈಯಲ್ಲಿ ಎತ್ತಬಹುದು. ಇನ್ನೊಂದು ಹಳೇ ನಮೂನೆಯದು. ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್, ಹಿಂದೆ ಎರಡು ಫ್ಯಾನು. ಅದನ್ನು ಇಳಿಸುವಾಗ ಹಮ್ಮ ಮತ್ತು ನಮ್ಮವರು ಇಬ್ಬರೂ ಸೇರಿ ಹಿಡಿಯಬೇಕಾಯಿತು.

"ಒರಳುಕಲ್ಲು ತಂದಿದ್ಯನೋ?" ಎಂದು ನಮ್ಮವರು ಹಮ್ಮನನ್ನು ಕೇಳಿದರು.

"ನಂಗೆ ಹಗುರದ್ದೇ ಸಾಕು" ಎಂದು ಹಮ್ಮ ಸೊಂಟ ನೀವಿಕೊಂಡ. ಅಂದು ಅವನು ಆಡಿದ ಅತಿ ಉದ್ದದ ಮಾತು ಅದು.

"ಹೊರೂದು ಎರಡು ನಿಮಿಷ. ಹಾಡೂದು ಐದು ತಾಸು" ಎಂದಳು ಮಾದೇವಿ. "ಡಬ್ಬಿ ಮೇಲೆ ಬರ್ದ ಅಂಕೆ ಒಂದು ಕ್ಷಣದ ಕೂಗು ಅಷ್ಟೇ. ಒಂದೇ ಸಮ ಎಷ್ಟು ಹೊತ್ತು ತಡೀತದೆ, ಕರೆಂಟು ಇಳಿದ್ರೆ ಎಂತ ಮಾಡ್ತದೆ, ಹಾಳಾದ್ರೆ ಹೊನ್ನಾವರದಲ್ಲೇ ಬಿಚ್ಚಿ ರಿಪೇರಿ ಮಾಡುವವ್ರು ಇದ್ದಾರಾ. ನಂಗೆ ಈ ಮೂರು ಗೊತ್ತಾದ್ರೆ ಆತು."

ಸರಿ, ಪರೀಕ್ಷೆಗೆ ಧ್ವನಿ ಬೇಕಲ್ಲ? ರೆಕಾರ್ಡು ಮಾಡಿದ ಹಾಡು ಹಾಕಿದರೆ ಗೊತ್ತಾಗುವುದಿಲ್ಲವಂತೆ, ಮನುಷ್ಯ ಬಾಯಿಬಿಟ್ಟು ಮಾತಾಡಬೇಕಂತೆ. ಅವಳು ಇಷ್ಟು ಹೇಳಿದ್ದೇ ತಡ, ನಮ್ಮವರು ಒಳಗೆ ಹೋಗಿ ಶಾಲು ಹೊದ್ದು ಬಂದರು. ನಮ್ಮವರ ಹೆಸರು ಶ್ರೀರಾಮ. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕಳೆದವರು. ಒಂದೇ ಆಸೆ ಉಳಿದಿತ್ತು: ವೇಷ ಕುಣಿತವಿಲ್ಲದ ಆಟವಾದ ತಾಳಮದ್ದಲೆಯಲ್ಲಿ ಕುಳಿತು ರಾಜನ ಪಾತ್ರದ ಅರ್ಥ, ಅಂದರೆ ಮಾತು, ಹೇಳಬೇಕು. ಇಷ್ಟು ವರ್ಷ ಯಾರೂ ಕರೆದಿರಲಿಲ್ಲ. ಈಗ ಮೈಕೇ ಮನೆಗೆ ಬಂದಿತ್ತು.

"ಅಕ್ಕೋರೆ, ಪಂಪು ಚಾಲೂ ಮಾಡಿ. ಗ್ರೈಂಡರೂ ಹಚ್ಚಿ" ಎಂದು ಮಾದೇವಿ ಅಪ್ಪಣೆ ಕೊಟ್ಟಳು.

ನಾನು ಬಾವಿಯ ಪಂಪು ಹಾಕಿದೆ, ಅಕ್ಕಿ ಉದ್ದು ಹಾಕಿ ಗ್ರೈಂಡರ್ ಒತ್ತಿದೆ. ಸಂಜೆಯಾಗುತ್ತಿದ್ದಂತೆ ಬಲ್ಬು ಬಾಳೆಹಣ್ಣಾಯಿತು. ನಮ್ಮವರು ಮೊದಲು ತೆಳು ಮೈಯ ಆಂಪ್ಲಿಫಾಯರಿನಲ್ಲಿ ಆರಂಭಿಸಿದರು. "ಎಲೈ ಚಾರಕಾ, ನಮ್ಮ ರಾಜ್ಯದಲ್ಲಿ ಮಳೆ ಬೆಳೆ ಹೇಗಿದೆಯಯ್ಯಾ?" ಎಂದು ಗುಡುಗಿದರು. ಓಣಿಯ ನಾಯಿಗಳೆಲ್ಲ ಎದ್ದವು. ನಿಜಕ್ಕೂ ಜೋರು ಇತ್ತು, ಹಮ್ಮನ ಮುಖದಲ್ಲಿ ಆಸೆ ಮೂಡಿತು. ಆದರೆ ಪಕ್ಕದ ಗದ್ದೆಯವರ ಪಂಪೂ ಚಾಲೂ ಆದ ಕ್ಷಣ ನೀಲಿ ದೀಪ ಆರಿತು. ಮತ್ತೆ ಹತ್ತಿತು. ಮತ್ತೆ ಆರಿತು. ರಾಜನ ಮಾತು, "ಪ್ರಜೆಗಳು... ನನ್ನ... ಅಲ್ಲದೆ... ಕತ್ತಿ..." ಎಂದು ತುಂಡುತುಂಡಾಗಿ ಹೊರಬಂತು.

"ಇಂಥಾ ರಾಜನ ರಾಜ್ಯದಲ್ಲಿ ಹ್ಯಾಂಗಪ್ಪಾ ಬದುಕೂದು!" ಎಂದು ಮಾದೇವಿ ನಕ್ಕು ವಯರು ಕಿತ್ತಳು.

ಒರಳುಕಲ್ಲಿಗೆ ಜೋಡಿಸಿದಾಗ ಅಷ್ಟು ಆರ್ಭಟವಿರಲಿಲ್ಲ. ಕರೆಂಟು ಇಳಿದಂತೆ ಸ್ವರವೂ ಸ್ವಲ್ಪ ಇಳಿಯಿತು. ಆದರೆ ಒಡೆಯಲಿಲ್ಲ, ಕೆರೆಯಲಿಲ್ಲ, ಒಂದು ಅಕ್ಷರವೂ ನುಂಗಿಹೋಗಲಿಲ್ಲ. ಮಾದೇವಿ ಅದರ ಬೆನ್ನಿಗೆ ಅಂಗೈ ಇಟ್ಟುಕೊಂಡು, ಮಗುವಿನ ಜ್ವರ ನೋಡುವವಳ ಹಾಗೆ ಕುಳಿತಿದ್ದಳು. ನಮ್ಮವರು ರಾಜ್ಯಭಾರ ಮುಗಿಸಿ, ಯುದ್ಧ ಗೆದ್ದು, ಎದುರು ಪಾತ್ರಧಾರಿ ಇಲ್ಲದ್ದರಿಂದ ಅವನ ಮಾತನ್ನೂ ತಾವೇ ಆಡಿ, ವೈರಾಗ್ಯದ ಕಡೆ ತಿರುಗಿದರು. ಕೇಳಲು ಸೇರಿದ್ದ ನೆರೆಯವರು ಒಬ್ಬೊಬ್ಬರಾಗಿ ದೀಪ ಹಚ್ಚುವ ನೆಪದಿಂದ ಎದ್ದುಹೋದರು. ಗ್ರೈಂಡರಿನ ಹಿಟ್ಟು ಕೂಡ ನುಣ್ಣಗಾಯಿತು. ಆಂಪ್ಲಿಫಾಯರ್ ಸೋಲಲಿಲ್ಲ, ಸೋತವರು ನಾವು.

"ಇದೇ ಸಾಕು" ಎಂದಳು ಮಾದೇವಿ. ಹಮ್ಮ ನಿಟ್ಟುಸಿರು ಬಿಟ್ಟು, ಸೊಂಟಕ್ಕೆ ಟವೆಲು ಬಿಗಿದು, ಒರಳುಕಲ್ಲನ್ನು ಎತ್ತಲು ಬಗ್ಗಿದ.

ಧಾರೇಶ್ವರದ ಆಟದ ದಿನ ನಾವಿಬ್ಬರೂ ಹೋದೆವು. ಮಾದೇವಿಯ ಗತಿ ಏನಾಗುವುದೋ ಎಂಬ ಕಳವಳ ನನಗೆ, ಯಾರಾದರೂ ಪಾತ್ರಧಾರಿ ಬಾರದೆ ಹೋದರೆ ಎಂಬ ಆಸೆ ನಮ್ಮವರಿಗೆ. ಮಧ್ಯಾಹ್ನ ಮೂರಕ್ಕೆ ಆರಂಭ, ದೀಪ ಹಚ್ಚುವ ಹೊತ್ತಿಗೆ ಮುಗಿಯುವ ಕಾಲಮಿತಿಯ ಆಟ. ಕಡಲ ಕಡೆಯಿಂದ ಗಾಳಿ ಬರಬೇಕಾಗಿತ್ತು, ಅಂದು ಅದೂ ಇರಲಿಲ್ಲ. ಸೆಖೆಗೆ ವೇಷಧಾರಿಗಳ ಬಣ್ಣ ಇಳಿಯುತ್ತಿತ್ತು. ಮಾದೇವಿ ಸಭೆಯ ಹಿಂಭಾಗದಲ್ಲಿ ಧ್ವನಿ ಏರಿಸಿ ಇಳಿಸುವ ಗುಬುಟುಗಳ ಮೇಜಿನ ಮುಂದೆ ಕುಳಿತಿದ್ದಳು. ಆಂಪ್ಲಿಫಾಯರ್ ರಂಗಸ್ಥಳದ ಪಕ್ಕ, ಪರದೆಯ ಮರೆಯಲ್ಲಿ ಒಂದು ಬೆಂಚಿನ ಮೇಲಿತ್ತು.

ಭಾಗವತರ ಮೊದಲ ಪದ ಹಿಂದಿನ ಸಾಲಿನಲ್ಲಿ ಕುಳಿತ ನನಗೆ ಕಿವಿಯ ಹತ್ತಿರ ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು. ನಾಗಭೂಷಣ ಚಪ್ಪರದ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಆಟ ಅರ್ಧ ದಾಟಿತು. ಪ್ರಮುಖ ವೇಷ ರಂಗಕ್ಕೆ ಬಂದು ಚೆಂಡೆ ಏರಿತು. ಭಾಗವತರು ಏರುಪದ ಎತ್ತಿಕೊಂಡರು. ಅಷ್ಟರಲ್ಲಿ ಧ್ವನಿ ಫಕ್ಕನೆ ನಿಂತಿತು.

ಚೆಂಡೆ ಕೇಳುತ್ತಿತ್ತು. ಭಾಗವತರ ಬಾಯಿ ಆಡುವುದು ಕಾಣುತ್ತಿತ್ತು. ಪದ ಮಾತ್ರ ಇರಲಿಲ್ಲ.

"ನೋಡು! ಮತ್ತೆ ಅದೇ ಕಥೆ" ಎಂದರು ನಾಗಭೂಷಣ, ಎಲ್ಲರಿಗೂ ಕೇಳುವಂತೆ.

ಮಾದೇವಿ ಅಷ್ಟು ಹೊತ್ತಿಗಾಗಲೇ ಎದ್ದು ಪರದೆಯ ಕಡೆ ಓಡಿದ್ದಳು. ನಾನೂ ಹಿಂದೆಯೇ ಹೋದೆ. ನಮ್ಮವರು ನಮ್ಮ ಹಿಂದೆ, "ಆನು ಅಷ್ಟೊತ್ತು ಅರ್ಥ ಹೇಳ್ಲಾ?" ಎನ್ನುತ್ತ ಬಂದರು.

"ಬ್ಯಾಡ!" ಎಂದೆವು ನಾವಿಬ್ಬರೂ ಒಟ್ಟಿಗೆ.

ಪರದೆ ಸರಿಸಿ ನೋಡಿದರೆ, ಬೆಂಚಿನ ಮೇಲೆ ಆಂಪ್ಲಿಫಾಯರ್ ಕಾಣಲೇ ಇಲ್ಲ. ಸನ್ಮಾನಕ್ಕೆ ಕೂರಿಸಿದ ಹಿರಿಯರಂತೆ, ಜರಿ ಅಂಚಿನ ಕೆಂಪು ಶಾಲು ಹೊದ್ದ ಒಂದು ಆಕೃತಿ ಕುಳಿತಿತ್ತು. ಮೇಲೊಂದು ಸೇವಂತಿಗೆ ಮಾಲೆ. ತಟ್ಟೆಯಲ್ಲಿ ಹಣ್ಣುಕಾಯಿ ಬೇರೆ. ಶಾಲು ಹಿಂದೆ ಮುಂದೆ ಅಂಚಿನವರೆಗೆ ಇಳಿದು ಗಾಳಿ ಹೋಗುವ ಕಿಂಡಿಗಳನ್ನೆಲ್ಲ ಮುಚ್ಚಿತ್ತು.

ಮಾದೇವಿ ಶಾಲು ಕಿತ್ತೆಳೆದಳು. ಕೆಂಪು ದೀಪ ಉರಿಯುತ್ತಿತ್ತು. ಮೈ ಕಾದ ಕಾವಲಿಯಾಗಿತ್ತು. ಒಳಗೆ ಫ್ಯಾನುಗಳು ಮಾತ್ರ ತಿರುಗುತ್ತಿದ್ದವು.

"ಸುಟ್ಟಿತಾ?" ಎಂದು ನಾನು ಕೇಳಿದೆ.

ಅವಳು ಮೂಗು ಹತ್ತಿರ ತಂದು ಮೂಸಿದಳು. "ಇಲ್ಲ ಅಕ್ಕೋರೆ, ಸುಟ್ಟ ನಾತ ಇಲ್ಲ. ಸೆಖೆ ತಡೀದೆ ಬಾಯಿ ಮುಚ್ಕಂಡು ಕೂತದೆ. ಗಾಳಿ ಹಾಕಿ, ಗಾಳಿ!"

ಉಪ್ಪಿಟ್ಟು ಕೊಟ್ಟ ಅಡಿಕೆ ಹಾಳೆಯ ತಟ್ಟೆಗಳು ಮೂಲೆಯಲ್ಲಿದ್ದವು. ಅವನ್ನೇ ಹಿಡಿದು ನಾವು ಬೀಸತೊಡಗಿದೆವು. ಹಮ್ಮ ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದ. ಬೈಯಲೆಂದು ಬಂದ ನಾಗಭೂಷಣ ನಮ್ಮನ್ನು ನೋಡಿ ಗಕ್ಕನೆ ನಿಂತರು.

"ಎಂತ ನೋಡ್ತ್ರಿ? ಒಂದು ತಟ್ಟೆ ತಕಣಿ!" ಎಂದು ಮಾದೇವಿ ಗದರಿದಳು. ಕಾರ್ಯದರ್ಶಿಯವರು ತಟ್ಟೆ ತೆಗೆದುಕೊಂಡು ಬೀಸತೊಡಗಿದರು.

ಹೊರಗೆ ವೇಷಧಾರಿ ಜಾಣ. ಪದ ನಿಂತದ್ದನ್ನು ತೋರಗೊಡದೆ ಚೆಂಡೆಯ ಪೆಟ್ಟಿಗೇ ಸುತ್ತು ಹಾಕಿ ಕುಣಿದ. ಚಪ್ಪಾಳೆ ಬಿತ್ತು. ಎರಡನೆಯ ಚಪ್ಪಾಳೆಯ ಹೊತ್ತಿಗೆ ಕೆಂಪು ದೀಪ ತಾನಾಗಿ ಆರಿ ಹಸಿರು ಹತ್ತಿತು. ಸಭೆಯ ಮೇಲೆ ಮಹಾಗಣಪತಿ ಹೆಗಡೆಯವರ ಸ್ವರ, ಪದದ ಕೊನೆಯ ಎಳೆತದ ನಡುವಿನಿಂದ, ಹರಡಿತು. ಅವರು ಹಾಡುವುದನ್ನು ನಿಲ್ಲಿಸಿಯೇ ಇರಲಿಲ್ಲ! ಮಾದೇವಿ ನೆಲದ ಮೇಲೆ ಕುಳಿತು ಶಾಲಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಮಂಗಳ ಪದದವರೆಗೆ ಒಂದು ಉಸಿರೂ ತಪ್ಪಲಿಲ್ಲ.

ಆಟ ಮುಗಿದ ಮೇಲೆ ನಾಗಭೂಷಣ ಎಲ್ಲರನ್ನೂ ಪರದೆಯ ಹಿಂದೆ ಸೇರಿಸಿ ಶಾಲನ್ನು ಎತ್ತಿ ಹಿಡಿದರು. "ಯಾರ ಕೆಲ್ಸ ಇದು?"

ಮಾದೇವಿಗೆ ಆ ಶಾಲಿನ ಗುರುತು ಇದ್ದಿರಬೇಕು. ಅವಳು ವಯರು ಸುತ್ತುತ್ತ, "ಯಾರೋ ಪ್ರೀತಿಯಿಂದ ಹೊದೆಸಿದ್ರು, ಬಿಡಿ" ಎಂದಳು.

"ಯಾರೋ ಅಲ್ಲದೇ, ಆನೇ ಹೊದೆಸಿದ್ದು!" ಎಂದು ಭಾಗವತರು ಮುಂಡಾಸು ತೆಗೆಯುತ್ತ ಮುಂದೆ ಬಂದರು. "ಕುಮಟೇಲಿ ನನ್ನ ಗಂಟಲು ಹೋದದ್ದು ಎಲ್ಲರಿಗೂ ಗೊತ್ತಿದ್ದು. ಇದು ಆ ಗಂಟಲು ಉಳ್ಸೂಲೆ ಬಂದದ್ದು. ಮನೇಲಿ ಶಾಲು ರಾಶಿ ಬಿದ್ದಿದ್ದು, ಇದಕ್ಕೂ ಒಂದು ಸನ್ಮಾನ ಆಗ್ಲಿ ಹೇಳಿ ಮಾಡ್ದೆ. ಸೆಖೆ ಆಗ್ತು ಹೇಳಿ ಯಂಗೆ ಎಂತ ಗೊತ್ತಿತ್ತು ಮಾರಾಯ್ತಿ?"

"ನಿಮಗೆ ಸನ್ಮಾನ ಮಾಡುವಾಗ ಮುಖ ಬಿಟ್ಟು ಹೊದೆಸ್ತ್ರಲ್ಲ ಭಾಗ್ವತ್ರೆ! ಇದಕ್ಕೆ ತಲೆ ಮೇಲಿಂದ ಹೊದೆಸಿದ್ರೆ ಹ್ಯಾಂಗೆ?" ಎಂದಳು ಮಾದೇವಿ. ಎಲ್ಲರೂ ನಕ್ಕರು. ಭಾಗವತರು ಎಲ್ಲರಿಗಿಂತ ಹೆಚ್ಚು ನಕ್ಕರು.

ನಾಗಭೂಷಣ ಆಂಪ್ಲಿಫಾಯರಿನ ಬೆನ್ನಿಗೆ ಕೈಯಿಟ್ಟು ನೋಡಿದರು. ಅದು ಆರುತ್ತಿತ್ತು. "ಹಿಂದಿನದ್ದಾಗಿದ್ರೆ?" ಎಂದು ಕೇಳಿದರು.

"ಹಿಂದಿನದ್ದಾಗಿದ್ರೆ ಶಾಲೂ ಉಳೀತಿರ್ಲಿಲ್ಲ" ಎಂದಳು ಅವಳು. "ತಡೀಲಿಕ್ಕೆ ಆಗದಿದ್ದಾಗ ತಾನೇ ನಿಂತ್ಕಂಡು, ಆರಿದ ಮೇಲೆ ತಾನೇ ಎದ್ದಿತಲ್ಲ. ನಂಗೆ ಬೇಕಾದ್ದು ಅದೇ."

ನಾಗಭೂಷಣ ಮಾದೇವಿಯ ಕಡೆ ತಿರುಗಿದರು. "ಮೈಕು ನಿಂತ್ರೆ ಬೇರೆಯವರಿಗೆ ಅಂದಿದ್ದೆ. ನಿಂತದ್ದು ಹೌದು. ಆದ್ರೆ ನಿಲ್ಲಿಸಿದವ್ರು ನಮ್ಮ ಭಾಗವತರು. ಅವರನ್ನು ಬಿಟ್ಟು ಆಟ ಮಾಡೂಲೆ ಆಗ್ತದಾ? ಮುಂದಿನ ವಾರ ಹೊನ್ನಾವರಕ್ಕೆ ಬಾ. ಮಳೆಗಾಲ ಹಿಡಿಯುವವರೆಗೂ ಎಲ್ಲಾ ಆಟ ನಿಂದೇ." ಹೀಗೆಂದು ಅವರು ಆ ಕೆಂಪು ಶಾಲನ್ನು ಕೊಡವಿ ಮಾದೇವಿಯ ಹೆಗಲಿಗೆ ಹೊದಿಸಿದರು, ಮುಖ ಬಿಟ್ಟು.

ಇದಾಗಿ ಎರಡು ಮಳೆಗಾಲ ಕಳೆದವು. ಒರಳುಕಲ್ಲು ಇಂದಿಗೂ ಒಂದು ಆಟವನ್ನೂ ಕೆಡಿಸಿಲ್ಲ. ಅದರ ನೆತ್ತಿಯ ಮೇಲೆ ಈಗ ಒಂದು ರಟ್ಟಿನ ತುಂಡು ಅಂಟಿಸಿದೆ. ಅಕ್ಷರ ನನ್ನದು, ಮಾತು ಮಾದೇವಿಯದು: "ಇದಕ್ಕೆ ಸನ್ಮಾನ ಬೇಡ." ಭಾಗವತರು ಪ್ರತಿ ಆಟಕ್ಕೂ ಮೊದಲು ಅದನ್ನು ಓದಿ, ದೂರದಿಂದಲೇ ಕೈಮುಗಿದು ರಂಗಕ್ಕೆ ಹೋಗುತ್ತಾರೆ. ಹಮ್ಮ ಅದನ್ನು ಹೊರಲು ಚಕ್ರದ ಗಾಡಿಯೊಂದನ್ನು ಮಾಡಿಸಿಕೊಂಡಿದ್ದಾನೆ. ಮಾತು ಮಾತ್ರ ಹಿಂದಿನಷ್ಟೇ.

ಮಾದೇವಿ ಆಗಾಗ ನಮ್ಮಲ್ಲಿಗೆ ಬರುತ್ತಿದ್ದಳು. ಹೊನ್ನಾವರದಿಂದ ಭಟ್ಕಳದವರೆಗಿನ ಮೈಕಿನವರೆಲ್ಲ ಹೊಸ ಆಂಪ್ಲಿಫಾಯರ್ ಕೊಳ್ಳುವ ಮೊದಲು ಅವಳನ್ನು ಕೇಳುತ್ತಿದ್ದರು. ಅವಳು ಅವರನ್ನು ನಮ್ಮ ಅಂಗಳಕ್ಕೆ ಕರೆತರುತ್ತಿದ್ದಳು. ಪಂಪು, ಗ್ರೈಂಡರು, ನಮ್ಮವರ ರಾಜ್ಯಭಾರ. ನಮ್ಮವರ ವಾಕ್ಪ್ರವಾಹವನ್ನು ತಡೆದುಕೊಂಡ ಆಂಪ್ಲಿಫಾಯರಿಗೆ ಭಯವಿಲ್ಲವೆಂದು ಹೆಸರಾಯಿತು.

ಆದರೆ ಈ ಬೇಸಿಗೆಯಲ್ಲಿ, ಇಷ್ಟು ವರ್ಷ ಕೊಟ್ಟ ದೂರುಗಳಲ್ಲಿ ಯಾವುದೋ ಒಂದು ಮುಟ್ಟಬೇಕಾದಲ್ಲಿ ಮುಟ್ಟಿ, ನಮ್ಮ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಬಲ್ಬು ಬೆಳ್ಳಗಾಯಿತು, ಗ್ರೈಂಡರು ಗೊಣಗುವುದನ್ನು ಬಿಟ್ಟಿತು. ಸುದ್ದಿ ತಿಳಿದು ಮಾದೇವಿ ಬಂದಳು. ಹಮ್ಮ ಮೀಟರು ಚುಚ್ಚಿ, "ಇನ್ನೂರಾ ಇಪ್ಪತ್ತೆಂಟು" ಎಂದ. ಅವಳು ಜಗಲಿಯ ಮೇಲೆ ಧೊಪ್ಪನೆ ಕುಳಿತಳು.

"ಅಯ್ಯೋ ಅಕ್ಕೋರೆ, ಎಂಥಾ ಮನೆ ಇತ್ತು! ಹಾಳಾಗಿ ಹೋತಲ್ಲ!"

ಸಂಘದವರು ಈ ವರ್ಷ ಒಂದೇ ದಿನ ಎರಡು ಊರುಗಳಲ್ಲಿ ಆಟ ಇಟ್ಟಿದ್ದಾರೆ. ಅವಳಿಗೆ ಎರಡನೆಯ ಆಂಪ್ಲಿಫಾಯರ್ ಬೇಕಾಗಿದೆ. ಆದ್ದರಿಂದ ಈಗ ಅವಳು ಬಿಡುವಿದ್ದಾಗೆಲ್ಲ ಮೀಟರು ಹಿಡಿದು ಕುಮಟೆಯಿಂದ ಈಚೆಗೆ ಲೈನಿನ ಕೊನೆಯ ಮನೆಗಳನ್ನು ಹುಡುಕುತ್ತಿದ್ದಾಳೆ. ಯಾರದೋ ಜಗಲಿ ಹತ್ತಿ, "ನಿಮ್ಮನೇಲಿ ಕರೆಂಟು ಹಾಳಿದ್ಯಾ?" ಎಂದು ಕೇಳಿ, ಅವರು ಹೌದೆಂದರೆ ಮುಖ ಅರಳಿಸುತ್ತಿದ್ದಾಳೆ. ನಿನ್ನೆ ಫೋನು ಮಾಡಿದ್ದಳು. ಹೊನ್ನಾವರದ ಆಚೆ ಗುಡ್ಡದ ತುದಿಯಲ್ಲಿ ನೂರಾ ಐವತ್ತೈದರ ಮನೆಯೊಂದು ಸಿಕ್ಕಿದೆಯಂತೆ. ಮನೆಯವರು ಒಳ್ಳೆಯವರು, ಪಂಪೂ ಇದೆ, ಗ್ರೈಂಡರೂ ಇದೆ. ಮಾತಾಡುವವರು ಮಾತ್ರ ಯಾರೂ ಇಲ್ಲವಂತೆ.

ಭಾನುವಾರ ಊಟವಾದ ಕೂಡಲೆ ಹಮ್ಮ ರಿಕ್ಷಾ ತರುತ್ತಾನೆ. ನಮ್ಮವರು ಈಗಲೇ ಶಾಲಿಗೆ ಇಸ್ತ್ರಿ ಹಾಕುತ್ತಿದ್ದಾರೆ.